ದಿನಕ್ಕೆ 3,000 ರೊಟ್ಟಿ, ಕೈಯಲ್ಲಿ ಮಾತ್ರ ಕಾಸಿಲ್ಲ

ಹೆಸರು ಬದಲಿಸಿದ್ದೇನೆ, ಶಾಂತಕ್ಕ ಅಂತ ಇಟ್ಟುಕೊಳ್ಳಿ. ವಿಜಯಪುರದ ಕಡೆಯವರು, ನಲವತ್ತರ ಆಸುಪಾಸು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾರೆ. ಹತ್ತು ಹನ್ನೆರಡು ಹೆಣ್ಣುಮಕ್ಕಳು ಅವರಲ್ಲಿ ರೊಟ್ಟಿ ಬಡಿಯುತ್ತಾರೆ. ನನ್ನ ಹತ್ತಿರ ಬಂದದ್ದು ವ್ಯಾಪಾರದ ಸಲಹೆಗಲ್ಲ, ಮನಸ್ಸಿನ ತೊಳಲಾಟ ಹೇಳಿಕೊಳ್ಳೋಕೆ. ನಿದ್ದೆ ಬರ್ತಿಲ್ಲ, ಮಕ್ಕಳ ಮೇಲೆ ಸುಮ್ನೆ ರೇಗ್ತೀನಿ, ಎದೆ ಡವಡವ ಅನ್ನುತ್ತೆ ಅಂತ. ವೈದ್ಯರು ನೋಡಿ ದೇಹಕ್ಕೇನೂ ತೊಂದರೆ ಇಲ್ಲ ಅಂದಿದ್ದರು.

ಮಾತಾಡುತ್ತಾ ವಿಷಯ ಹೊರಬಂತು. ಯಾವುದೋ ತರಬೇತಿಯಲ್ಲಿ ದೊಡ್ಡ ಗುರಿ ಇಟ್ಟುಕೊಂಡು ಗೋಡೆಗೆ ಅಂಟಿಸಿ ಅಂದಿದ್ದರಂತೆ. ಇವರು ‘ದಿನಕ್ಕೆ 3,000 ರೊಟ್ಟಿ’ ಅಂತ ಬರೆದು ಅಂಟಿಸಿದರು, ಕೆಲವೇ ತಿಂಗಳಲ್ಲಿ ಮುಟ್ಟಿದರು ಕೂಡ. ಊರವರೆಲ್ಲ ಹೊಗಳಿದರು. ಆದರೆ ವಾರದ ಕೂಲಿ ಕೊಡೋಕೆ ಸಂಘದಲ್ಲಿ ಸಾಲ ತೆಗೆಯುವ ಸ್ಥಿತಿ. ಗುರಿ ಮುಟ್ಟಿದ ಮೇಲೂ ದುಡ್ಡಿಲ್ಲ ಅಂದರೆ ತಪ್ಪು ತನ್ನಲ್ಲೇ ಇದೆ ಅಂತ ಅವರು ನಂಬಿಬಿಟ್ಟಿದ್ದರು.

ಲೆಕ್ಕದ ಪುಸ್ತಕ ತರೋಕೆ ಹೇಳಿದೆ. ತಂದರು. ಯಾರು ಎಷ್ಟು ಬಡಿದರು ಅನ್ನುವುದು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ಮುರಿದದ್ದೆಷ್ಟು, ಅಂಗಡಿಯಿಂದ ವಾಪಸ್ ಬಂದದ್ದೆಷ್ಟು, ಯಾರ ಹತ್ತಿರ ಎಷ್ಟು ಉದ್ರಿ ನಿಂತಿದೆ? ‘ಎಲ್ಲಾ ತಲ್ಯಾಗೈತ್ರಿ’ ಅಂದರು. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಏನು ಯೋಚನೆ ಬರುತ್ತೆ ಅಂತ ಕೇಳಿದೆ. ಇದೇ ಉದ್ರಿ, ಇದೇ ವಾಪಸ್ ಬಂದ ಚೀಲಗಳು. ಪುಸ್ತಕದಲ್ಲಿ ಇಲ್ಲದ ಲೆಕ್ಕವನ್ನೆಲ್ಲ ಈ ಹೆಂಗಸು ನಿದ್ದೆಗೆಟ್ಟು ಮಾಡುತ್ತಿದ್ದರು.

ಒಂದು ವಾರ ಎಲ್ಲವನ್ನೂ ಬರೆಯಿರಿ, ಯಾರನ್ನೂ ಬೈಯಬೇಡಿ, ಬರೀ ಬರೆಯಿರಿ ಅಂದೆ. ಆ ಒಂದು ವಾರ ಬಹಳ ಹೇಳಿತು. ಕೂಲಿ ರೊಟ್ಟಿಯ ಲೆಕ್ಕದಲ್ಲಿ ಇದ್ದದ್ದರಿಂದ, ಮೇಲೆ 3,000ದ ಒತ್ತಡವೂ ಸೇರಿ, ಎಲ್ಲರೂ ಅವಸರ ಮಾಡುತ್ತಿದ್ದರು. ಅಂಚು ದಪ್ಪ, ನಡುವೆ ಹಸಿ. ಹಸಿ ಉಳಿದ ಕಡಕ್ ರೊಟ್ಟಿಯನ್ನು ಪ್ಯಾಕ್ ಮಾಡಿದರೆ ಬೂಷ್ಟು ಹಿಡಿಯದೆ ಇರುತ್ತಾ? ಸಮಯ ಉಳಿಸೋಕೆ ಹದಿನೈದು ದಿನದ ಹಿಟ್ಟನ್ನು ಒಟ್ಟಿಗೆ ಬೀಸಿಸುತ್ತಿದ್ದರು. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತೆ, ಬಡಿಯುವಾಗಲೇ ಬಿರಿಯುತ್ತೆ. ನೂರಕ್ಕೆ ಹದಿನಾಲ್ಕು ರೊಟ್ಟಿ ಮುರಿದು ಅಥವಾ ವಾಪಸ್ ಬಂದು ಹಾಳಾಗುತ್ತಿದ್ದವು. ಕೂಲಿ, ಸೌದೆ, ಹಿಟ್ಟು ಮಾತ್ರ ನೂರಕ್ಕೂ ಖರ್ಚಾಗಿತ್ತು.

ಇದು ಶಾಂತಕ್ಕನ ದಡ್ಡತನ ಅಲ್ಲ. ಅಳತೆಯನ್ನೇ ಗುರಿ ಮಾಡಿಕೊಂಡರೆ ಆ ಅಳತೆ ಕೆಡುತ್ತೆ ಅನ್ನುವುದನ್ನು ಗುಡ್‌ಹಾರ್ಟ್ ನಿಯಮ ಅಂತಾರೆ. ಚಾರ್ಲ್ಸ್ ಗುಡ್‌ಹಾರ್ಟ್ ಅನ್ನುವ ಬ್ರಿಟಿಷ್ ಅರ್ಥಶಾಸ್ತ್ರಜ್ಞರು 1975ರಲ್ಲಿ ಹಣಕಾಸು ನೀತಿ ಬಗ್ಗೆ ಹೇಳಿದ ಮಾತಿನಿಂದ ಬಂದದ್ದು. ದೊಡ್ಡ ಬ್ಯಾಂಕುಗಳೇ ಇದರಲ್ಲಿ ಎಡವುತ್ತವೆ ಅಂತ ಹೇಳಿದಾಗ ಶಾಂತಕ್ಕನ ಮುಖ ಸ್ವಲ್ಪ ಸಡಿಲವಾಯಿತು.

ಮೊದಲು ಗೋಡೆಯ ಚೀಟಿ ತೆಗೆಯಿರಿ ಅಂದೆ. ಬದಲಿಗೆ ವಾರಕ್ಕೊಮ್ಮೆ ಮೂರೇ ಅಂಕಿ: ನೂರಕ್ಕೆ ಎಷ್ಟು ಹಾಳಾಯಿತು, ನಿಜವಾಗಿ ಕೈಗೆ ಎಷ್ಟು ದುಡ್ಡು ಬಂತು, ಒಲೆ ಎಷ್ಟು ಗಂಟೆಗೆ ಆರಿಸಿದಿರಿ. ಮೂರನೆಯದು ಯಾಕೆ ಅಂತ ಕೇಳಿದರು. ನಿದ್ದೆಗೋಸ್ಕರ. ಎರಡು ತಿಂಗಳಲ್ಲಿ ಹಾಳಾಗುವುದು ನೂರಕ್ಕೆ ಆರಕ್ಕೆ ಇಳಿಯಬೇಕು, ಅಷ್ಟೇ ಗುರಿ. ಹಾಳಾದ ರೊಟ್ಟಿಗೆ ಕೂಲಿ ಕಟ್ ಮಾಡಲಾ ಅಂದರು. ಖಂಡಿತ ಬೇಡ ಅಂದೆ. ಕೂಲಿ ಕಟ್ ಮಾಡಿದ ದಿನದಿಂದ ಮುರಿದ ರೊಟ್ಟಿಯನ್ನು ಅವರು ಮುಚ್ಚಿಡುತ್ತಾರೆ, ನಿಮ್ಮ ಪುಸ್ತಕದಲ್ಲಿ ಸುಳ್ಳು ತುಂಬುತ್ತೆ. ಹಾಳಾಗುವುದನ್ನು ಹೇಗೆ ಕಡಿಮೆ ಮಾಡೋದು ಅಂತ ಬಡಿಯುವವರನ್ನೇ ಕೂರಿಸಿ ಕೇಳಿ ಅಂದೆ. ಮೂರು ದಿನಕ್ಕೊಮ್ಮೆ ಹಿಟ್ಟು ಬೀಸಿಸಿ ಅಂತ ಹೇಳಿದ್ದು ಅವರಲ್ಲೇ ಹಿರಿಯಾಕೆ!

ಉದ್ರಿ ಮಾತ್ರ ಕಷ್ಟದ್ದು. ಬೆಂಗಳೂರಿನ ಇಬ್ಬರು ವ್ಯಾಪಾರಿಗಳು ಮೂರು ತಿಂಗಳಿಂದ ದುಡ್ಡು ಕೊಟ್ಟಿರಲಿಲ್ಲ. ಸಣ್ಣ ಉದ್ದಿಮೆಗಳಿಗೆ ಸರ್ಕಾರದ ‘ಉದ್ಯಮ್’ ನೋಂದಣಿ ಅಂತ ಇದೆ, ಪುಕ್ಕಟೆ ಆಗುತ್ತೆ, ಇವರು ಮಾಡಿಸಿರಲೇ ಇಲ್ಲ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು, ಬರಹದ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲೇ ಕೊಡಬೇಕು. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಹಳೇ ಬಾಕಿಗೆ ಇದನ್ನು ನೆಚ್ಚಿಕೊಳ್ಳಬೇಡಿ, ಈಗಲೇ ನೋಂದಣಿ ಮಾಡಿಸಿ, ಇನ್ನು ಮುಂದಿನ ಬಿಲ್ಲಿನ ಮೇಲೆ ನೋಂದಣಿ ನಂಬರ್ ಮತ್ತು ಎಷ್ಟು ದಿನದಲ್ಲಿ ದುಡ್ಡು ಕೊಡಬೇಕು ಅನ್ನುವ ಗಡುವು ಬರೆಯಿರಿ ಅಂದೆ. ಒಬ್ಬರು ಹಳೇ ಬಾಕಿಯನ್ನೂ ಕಂತಿನಲ್ಲಿ ಕೊಡತೊಡಗಿದರು. ಇನ್ನೊಬ್ಬರು ಆರ್ಡರ್ ನಿಲ್ಲಿಸಿದರು. ಶಾಂತಕ್ಕ ಅತ್ತರು. ಆದರೆ ದುಡ್ಡು ಕೊಡದ ಗಿರಾಕಿ ಹೋದರೆ ಉಳಿಯುವುದು ನಿಮ್ಮ ಹಿಟ್ಟೇ ಅಲ್ವಾ?

ಈಗ ದಿನಕ್ಕೆ ಸುಮಾರು 2,200 ರೊಟ್ಟಿ. ಹಾಳಾಗುವುದು ನೂರಕ್ಕೆ ಏಳು, ಆರು ಇನ್ನೂ ಮುಟ್ಟಿಲ್ಲ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಬೇಡಿಕೆ ಏರುತ್ತೆ, ಆ ತಿಂಗಳಿಗೆ ಬೇರೆ ಗುರಿ ಹಾಕೋಣ ಅಂತ ಮಾತಾಡಿದ್ದೇವೆ. ಸಂಘದ ಸಾಲ ಅರ್ಧ ತೀರಿದೆ. ವಾರದಲ್ಲಿ ನಾಲ್ಕೈದು ರಾತ್ರಿ ಸರಿಯಾಗಿ ನಿದ್ದೆ ಬರುತ್ತೆ ಅನ್ನುತ್ತಾರೆ.

ಮೊನ್ನೆ ಬಂದಾಗ ಖರ್ಚಿನ ಪಟ್ಟಿ ನೋಡಿದೆ. ಎಲ್ಲರ ಕೂಲಿ ಇತ್ತು, ಅವರದೇ ಇರಲಿಲ್ಲ. ನಿಮ್ಮ ಸಂಬಳ ಎಷ್ಟು ಅಂತ ಕೇಳಿದರೆ ಉತ್ತರವೇ ಇಲ್ಲ. ಇಷ್ಟು ವರ್ಷ ಒಮ್ಮೆಯೂ ತೆಗೆದುಕೊಂಡಿಲ್ಲವಂತೆ. ಅಲ್ಲೇ ಕೂತು ಒಂದು ಮೊತ್ತ ಬರೆದೆವು. ಮುಂದಿನ ತಿಂಗಳಿಂದ 5ನೇ ತಾರೀಕಿಗೆ ಅವರಿಗೂ ಸಂಬಳ.