ಸುಮ್ನ ಅಡ್ಡಾಡೋದಕ್ಕ ಇಂಗ್ಲಿಷಿನಾಗ ಏನಂತಾರ?

ಪ್ರಶ್ನೆ: ಮಗಳು ಪಿಯುಸಿ. ಪ್ರಬಂಧದಾಗ ಎಲ್ಲಾ ಕಡೆ ‘ವಾಕ್’ ಅಂತನೇ ಬರದಾಳಂತ ಸರ್ ಕೆಂಪು ಗೆರಿ ಎಳದಾರ. ಸ್ಟ್ರೋಲ್, ಸಾಂಟರ್, ರೋಮ್, ಲಾಯ್ಟರ್ ಇವುಗಳ ಫರಕ ಏನ್ರೀ? ಸಾಂಟರ್ ಅಂದ್ರ ಮೊದಲು ಪುಣ್ಯಭೂಮಿಗೆ ಯಾತ್ರಾ ಹೋಗೋದಿತ್ತಂತ, ಖರೇನಾ?
– ಒಬ್ಬ ತಾಯಿ, ಬ್ರಹ್ಮಪುರ, ಕಲಬುರಗಿ

ಉತ್ತರ: ತಂಗಿ, ಬಿಸಿಲು ಇಳಿದ ಮ್ಯಾಲ ಮಗಳನ್ನ ಕರಕೊಂಡು ಅಪ್ಪನ ಕೆರಿ ದಂಡಿಗೆ ಬಾ. ಶುಗರಿನ ಹೆದರಿಕಿಗೆ ಕೈ ಬೀಸಿ ಬಿರಬಿರ ಹೊಂಟವರದು ಬರೇ ವಾಕ್, ಬೇಕಾದ್ರ ‘ಬ್ರಿಸ್ಕ್’ ಅಂತ ಸೇರಸು. ಹೆಂಡ್ತಿ ಜೋಡಿ ಮಾತಾಡ್ಕೊಂತ ಹೊಂಟವರದು ಸ್ಟ್ರೋಲ್. ಅದಕ್ಕೂ ನಿಧಾನ, ಕೈ ಕಿಸೆದಾಗ, ಯಾರಪ್ಪಂದೂ ಸಾಲಿಲ್ಲ ಅನ್ನೋ ಠೀವಿ ಇದ್ರ ಸಾಂಟರ್. ಗೇಟಿನ ಬಾಜೂಕ ನಾಕು ಹೆಜ್ಜಿ ಹಾಕಿ, ಮತ್ತ ನಿಂತು, ಮತ್ತ ನಾಕು ಹೆಜ್ಜಿ ಹಾಕೋ ಹುಡುಗರದು ಲಾಯ್ಟರ್. ಇದು ಪೊಲೀಸರ ಪದ, ಹೊಗಳಿಕಿ ಅಲ್ಲ. ರೋಮ್ ಮಾಡ್ಲಿಕ್ಕೆ ಕೆರಿ ದಂಡಿ ಸಾಲಂಗಿಲ್ಲ. ನಮ್ಮೂರ ಸೂಪರ್ ಮಾರ್ಕೆಟ್ ಬಜಾರ ತುಂಬ ತಿರುಗೋ ದನಗಳನ್ನ ನೋಡು. ಯುಗಾದಿ ಮುಂದ ಶ್ರೀಶೈಲಕ್ಕ ನಡದು ಹೋಗೋರು ಬೊಬ್ಬೆ ಎದ್ದ ಕಾಲು ಎಳಕೊಂತ ಇಡ್ತಾರಲ್ಲ, ಅದಕ್ಕ ‘ಟ್ರಜ್’ ಅನಬೇಕು.

ಇನ್ನ ಆ ಯಾತ್ರಾದ ಕಥಿ. ಫ್ರೆಂಚಿನಾಗ ‘ಸಾಂತ್ ತೇರ್’ ಅಂದ್ರ ಪುಣ್ಯಭೂಮಿ. ಅಲ್ಲಿಗೆ ಹೊಂಟೀವಿ ಅಂತ ಹೇಳಿ ಭಿಕ್ಷಾ ಬೇಡೋ ಸೋಮಾರಿಗಳಿಂದ ಸಾಂಟರ್ ಬಂತಂತ 1755ರಾಗ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ಇಂಗ್ಲಿಷ್ ನಿಘಂಟಿನಾಗ ಬರದ್ರು. 1862ರಾಗ ಅಚ್ಚಾದ ನಡಿಗಿ ಕುರಿತ ಪ್ರಬಂಧದಾಗ ಅಮೆರಿಕದ ಲೇಖಕ ಥೋರೋ ಅದನ್ನೇ ಛಲೋ ಬಣ್ಣ ಹಚ್ಚಿ ಹೇಳಿದ್ರು. ಇಬ್ಬರೂ ದೊಡ್ಡವರೇ, ಆದ್ರ ಈಗಿನ ನಿಘಂಟುಗಳು ಒಪ್ಪಂಗಿಲ್ಲ. ಮಧ್ಯಕಾಲದ ಇಂಗ್ಲಿಷಿನಾಗ ಅದಕ್ಕ ಏನೋ ಯೋಚನಿ ಮಾಡ್ಕೊಂತ ಇರೋದು ಅನ್ನೋ ಅರ್ಥ ಇತ್ತು. ಖರೇ ಯಾತ್ರಾದ ಪದ ಬೇಕಂದ್ರ ‘ಕ್ಯಾಂಟರ್’ ಅದ: 1170ರಾಗ ಕೊಲೆಯಾದ ಕ್ರೈಸ್ತ ಧರ್ಮಗುರು ಥಾಮಸ್ ಬೆಕೆಟ್ ಅವರ ಸಮಾಧಿ ಇಂಗ್ಲೆಂಡಿನ ಕ್ಯಾಂಟರ್ಬರಿ ಊರಾಗಿತ್ತು, ಅಲ್ಲಿಗೆ ಹೋಗೋ ಭಕ್ತರ ಕುದುರಿ ಓಡೋ ಹದಕ್ಕ ಊರ ಹೆಸರೇ ಅಂಟ್ಕೊಂತು.

ಮಗಳಿಗೆ ಒಂದು ಮಾತು: ಸರ್ ಮೆಚ್ಚಲಿ ಅಂತ ಎಲ್ಲಾ ‘ವಾಕ್’ ಕಿತ್ತು ಹಾಕಬ್ಯಾಡ. ಕಾಲೇಜಿಗೆ ದಿನಾ ಹೋಗೋದು ವಾಕೇ. ಅದನ್ನ ಸಾಂಟರ್ ಅಂದ್ರ ಮೊದಲನೇ ಪೀರಿಯಡ್ ತಪ್ಪಸ್ತಾಳ ಅಂತ ಅರ್ಥ ಆಗ್ತದ.

ಪ್ರಶ್ನೆ: ಅಂಬ್ಯುಲೆನ್ಸಿಗೂ ನಡಿಯೋದಕ್ಕೂ ಸಂಬಂಧ ಅದ ಅಂತಾರ. ನಡಿಲಿಕ್ಕೆ ಬರಲಾರದವರಿಗೇ ಅದು ಬೇಕಲ್ರೀ?
– ಶಹಾಬಾದದ ಓದುಗರು

ಉತ್ತರ: ಅದರೀ. ಲ್ಯಾಟಿನ್ನಿನಾಗ ‘ಅಂಬುಲಾರೆ’ ಅಂದ್ರ ನಡಿ. ಫ್ರೆಂಚ್ ಸೈನ್ಯದ ಹಿಂದಿಂದ ಹೋಗೋ ದವಾಖಾನಿಗೆ ‘ನಡಿಯೋ ಆಸ್ಪತ್ರಿ’ ಅಂತಿದ್ರು. 1850ರ ದಶಕದ ಕ್ರಿಮಿಯಾ ಯುದ್ಧದ ಹೊತ್ತಿಗೆ ಗಾಯಾಳು ಸಾಗಿಸೋ ಗಾಡಿಗೂ ಇಂಗ್ಲಿಷರು ಅದೇ ಹೆಸರಿಟ್ರು.