ಅಗ್ಗದ ಸೆನ್ಸರ್ ‘ಸರಿ’ ಎಂದರೆ ಮಾತ್ರೆ ಸರಿಯೇ?

ಓದುಗರ ಪತ್ರ: ಅಮ್ಮ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಈ ಸಲದ ಸ್ಟ್ರಿಪ್‌ನಲ್ಲಿ ಮಾತ್ರೆಯ ಬಣ್ಣ ಬೇರೆ ಇದೆ. ಫೋನಿಗೆ ಜೋಡಿಸುವ ಪುಟ್ಟ ಸೆನ್ಸರ್‌ನಿಂದ ಔಷಧದ ಗುಣಮಟ್ಟ ತಿಳಿಯುತ್ತದೆ ಎಂದು ಓದಿದೆ. ಅದನ್ನು ಕೊಂಡು ಮನೆಯಲ್ಲೇ ನೋಡಬಹುದೇ? ಪರೀಕ್ಷಿಸಿದ ಮಾತ್ರೆಯನ್ನು ಆಮೇಲೆ ನುಂಗಬಹುದೇ?

ಸಂಪಾದಕರ ಉತ್ತರ: ಮೊದಲು ಸ್ಟ್ರಿಪ್ ಮೇಲೆ ಎಷ್ಟು ಮೈಕ್ರೋಗ್ರಾಂ ಎಂದು ಬರೆದಿದೆ ನೋಡಿ. ಥೈರಾಯ್ಡ್ ಮಾತ್ರೆ ತಯಾರಿಸುವ ಹಲವು ಕಂಪನಿಗಳು ಒಂದೊಂದು ಪ್ರಮಾಣಕ್ಕೆ ಒಂದೊಂದು ಬಣ್ಣ ಕೊಡುತ್ತವೆ. ಡೋಸ್ ಅದಲುಬದಲಾಗಿದ್ದರೆ ಅದೂ ಅಪಾಯವೇ, ಅಲ್ವಾ? ಅದನ್ನು ಹಿಡಿಯಲು ಸೆನ್ಸರ್ ಬೇಕಿಲ್ಲ.

ಹಾಗೆಂದು ನಿಮ್ಮ ಅನುಮಾನ ಸುಮ್ನೆ ಬಂದದ್ದಲ್ಲ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ಔಷಧ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತ್ತು. ಈ ಪುಟ್ಟ ಉಪಕರಣಗಳು ಹುಟ್ಟಿದ್ದು ಇದೇ ಆತಂಕದಿಂದ.

ನೀವು ಓದಿದ ಸೆನ್ಸರ್ ಮಾತ್ರೆಯ ಮೇಲೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಬಿಡುತ್ತದೆ. ಒಂದೊಂದು ವಸ್ತು ಒಂದೊಂದು ಬಗೆಯಲ್ಲಿ ಆ ಬೆಳಕನ್ನು ಹೀರುತ್ತದೆ. ವಾಪಸ್ ಬಂದ ಬೆಳಕನ್ನು ಅದೇ ಕಂಪನಿಯ ಅಸಲಿ ಮಾತ್ರೆಯ ದಾಖಲೆಯೊಂದಿಗೆ ಹೋಲಿಸುತ್ತಾರೆ. ದಾಖಲೆಯೇ ಇಲ್ಲದಿದ್ದರೆ ಉತ್ತರವೂ ಇಲ್ಲ. ಇನ್ನೊಂದು ತೊಡಕು ನಿಮ್ಮ ಅಮ್ಮನ ಮಾತ್ರೆಯಲ್ಲೇ ಇದೆ. ಸುಮಾರು 100 ಮಿಲಿಗ್ರಾಂ ತೂಗುವ ಮಾತ್ರೆಯಲ್ಲಿ 50 ಮೈಕ್ರೋಗ್ರಾಂ ಔಷಧವಿದ್ದರೆ, ಅದು 2000ದಲ್ಲಿ ಒಂದು ಪಾಲು. ಉಳಿದದ್ದೆಲ್ಲ ಮಾತ್ರೆಗೆ ಗಾತ್ರ ಕೊಡುವ ಪುಡಿ. ಅಗ್ಗದ ಸೆನ್ಸರ್‌ಗೆ ಕಾಣುವುದು ಆ ಪುಡಿ ಮಾತ್ರ. ಆದ್ದರಿಂದ ಈ ಕೆಲಸಕ್ಕೆ ಅದನ್ನು ಕೊಳ್ಳಬೇಡಿ.

ಔಷಧ ಪರೀಕ್ಷಿಸುವ ಇಂಥ ಅಗ್ಗದ ಸಾಧನಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಕಾಗದದ ಕಾರ್ಡ್. ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದ ಮರ್ಯಾ ಲೀಬರ್ಮನ್ ಮತ್ತು ಸಂಗಡಿಗರು ರೂಪಿಸಿದ್ದು. ಅದರಲ್ಲಿ 12 ಪಟ್ಟಿಗಳಿವೆ. ಒಂದೊಂದರಲ್ಲೂ ಬೇರೆ ಬೇರೆ ರಾಸಾಯನಿಕ ಒಣಗಿಸಿ ಇಟ್ಟಿರುತ್ತಾರೆ. ಮಾತ್ರೆಯನ್ನು ಕಾರ್ಡಿಗೆ ಅಡ್ಡಲಾಗಿ ಉಜ್ಜಿ, ತಳದ ಅಂಚನ್ನು ನೀರಿಗೆ ತಾಗಿಸಿದರೆ ಸಾಕು. ನೀರು ಮೇಲೇರುತ್ತ ಕೆಲವೇ ನಿಮಿಷಗಳಲ್ಲಿ ಬಣ್ಣಗಳು ಮೂಡುತ್ತವೆ. ಆ ಬಣ್ಣಗಳ ಸಾಲನ್ನು ಫೋನಿನಲ್ಲಿ ಫೋಟೋ ತೆಗೆದು ಹೋಲಿಸಬಹುದು. ಆ್ಯಂಟಿಬಯೋಟಿಕ್ ಇರಬೇಕಾದಲ್ಲಿ ಬರೀ ಪಿಷ್ಟ ತುಂಬಿದ್ದರೆ ಸಿಕ್ಕಿಬೀಳುತ್ತದೆ. ಕರೆಂಟ್ ಬೇಡ, ಲ್ಯಾಬ್ ಬೇಡ. ಇಷ್ಟು ಸರಳವಾಗಿ ಯೋಚಿಸಿದವರ ಬಗ್ಗೆ ನಿಜಕ್ಕೂ ಗೌರವ ಮೂಡುತ್ತದೆ.

ಆದರೆ 500 ಮಿಲಿಗ್ರಾಂ ಬದಲು 400 ಇದೆ ಎಂದು ಈ ಕಾರ್ಡ್ ಖಚಿತವಾಗಿ ಹೇಳಲಾರದು. ಮಾತ್ರೆ ಹೊಟ್ಟೆಯಲ್ಲಿ ಸರಿಯಾಗಿ ಕರಗುತ್ತದೆಯೇ ಎಂಬುದೂ ಅದಕ್ಕೆ ಗೊತ್ತಾಗದು. ಇನ್ನೂ ದೊಡ್ಡ ಮಿತಿ ಒಂದಿದೆ. ನಾವು ಏನನ್ನು ಹುಡುಕುತ್ತೇವೋ ಅದಷ್ಟೇ ಸಿಗುತ್ತದೆ. 2022ರಲ್ಲಿ ಗ್ಯಾಂಬಿಯಾದಲ್ಲಿ ಮೂತ್ರಪಿಂಡ ಕೆಟ್ಟು ಸುಮಾರು 70 ಮಕ್ಕಳು ತೀರಿಕೊಂಡರು. ಅಲ್ಲಿ ಮಾರಾಟವಾದ ಸಿರಪ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಪತ್ತೆಯಾಯಿತು. ‘ಔಷಧ ಇದೆಯಾ’ ಎಂದಷ್ಟೇ ನೋಡುವ ಸೆನ್ಸರ್ ಅಂಥ ಬಾಟಲಿಯನ್ನೂ ಪಾಸು ಮಾಡಿಬಿಡಬಹುದು. ಇದನ್ನು ಬರೆಯುವಾಗ ಹೊಟ್ಟೆ ಸಂಕಟವಾಗುತ್ತದೆ.

ಹಾಗಾಗಿ ಅಗ್ಗದ ಸೆನ್ಸರ್ ‘ತಪ್ಪಿದೆ’ ಎಂದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ‘ಸರಿ’ ಎಂದರೆ ಅದನ್ನು ಸರ್ಟಿಫಿಕೇಟ್ ಎಂದುಕೊಳ್ಳಬಾರದು. ಇವು ಇರಬೇಕಾದದ್ದು ಔಷಧ ಇನ್ಸ್‌ಪೆಕ್ಟರ್‌ಗಳ ಚೀಲದಲ್ಲಿ, ದೂರದ ಆಸ್ಪತ್ರೆಗಳ ಔಷಧ ಕೋಣೆಯಲ್ಲಿ. ನೂರಾರು ಸ್ಯಾಂಪಲ್‌ಗಳಲ್ಲಿ ಯಾವುದನ್ನು ಮೊದಲು ಲ್ಯಾಬಿಗೆ ಕಳಿಸಬೇಕು ಎಂದು ಆರಿಸಲು ಇವು ತುಂಬಾ ಉಪಯುಕ್ತ. ಕೊನೆಯ ತೀರ್ಪು ಲ್ಯಾಬಿನದ್ದು. ಅಲ್ಲಿನ ಎಚ್‌ಪಿಎಲ್‌ಸಿ ಯಂತ್ರ ಔಷಧವನ್ನು ಬೇರ್ಪಡಿಸಿ ಎಷ್ಟಿದೆ ಎಂದು ಅಳೆಯುತ್ತದೆ.

ಸ್ಟ್ರಿಪ್ ಮೇಲಿನ ಪ್ರಮಾಣ ಸರಿಯಿದ್ದೂ ಅನುಮಾನ ಉಳಿದರೆ ಸ್ಟ್ರಿಪ್, ಪೆಟ್ಟಿಗೆ, ಬಿಲ್ ಎಸೆಯಬೇಡಿ. ಬ್ಯಾಚ್ ನಂಬರ್ ಸಮೇತ ಫಾರ್ಮಸಿಸ್ಟ್‌ಗೆ ಅಥವಾ ಡಾಕ್ಟರಿಗೆ ತೋರಿಸಿ, ಔಷಧ ನಿಯಂತ್ರಣ ಇಲಾಖೆಗೂ ತಿಳಿಸಿ. ಡಾಕ್ಟರನ್ನು ಕೇಳದೆ ಅಮ್ಮನ ಮಾತ್ರೆ ನಿಲ್ಲಿಸಬೇಡಿ. ಬೇರೆ ಬ್ಯಾಚಿನದ್ದು ತಂದುಕೊಡಬಹುದು. ಔಷಧ ಕೆಲಸ ಮಾಡುತ್ತಿದೆಯೇ ಎಂಬುದನ್ನು ಟಿಎಸ್‌ಎಚ್ ರಕ್ತಪರೀಕ್ಷೆ ತೋರಿಸುತ್ತದೆ. ಅದನ್ನು ಯಾವಾಗ ಮಾಡಿಸಬೇಕು ಎಂದು ಡಾಕ್ಟರನ್ನೇ ಕೇಳಿ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಪಾರದರ್ಶಕ ಪ್ಲಾಸ್ಟಿಕ್‌ನ ಹೊರಗಿನಿಂದಲೇ ಬೆಳಕಿನಲ್ಲಿ ನೋಡಿದ ಮಾತ್ರೆಗೆ ಏನೂ ಆಗುವುದಿಲ್ಲ. ಕಾರ್ಡಿಗೆ ಉಜ್ಜಿದ್ದನ್ನು ಮಾತ್ರ ನುಂಗಬೇಡಿ. ಅದಕ್ಕೆ ರಾಸಾಯನಿಕ ತಾಗಿರುತ್ತದೆ, ಡೋಸ್ ಕೂಡ ಕಡಿಮೆಯಾಗಿರುತ್ತದೆ.