ರೋಗಿ ಬಯಲಿಗೆ, ವೈದ್ಯೆ ಮರೆಗೆ

ಈಕೆಯನ್ನು ಸುಜಾತಾ ಎಂದು ಕರೆಯೋಣ. ವಯಸ್ಸು 24, ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಹೌಸ್ ಸರ್ಜನ್, ಅಂದರೆ ಎಂಬಿಬಿಎಸ್‌ನ ಕೊನೆಯ ಹಂತದ ಇಂಟರ್ನ್. ಹೆಸರಿನ ಜೊತೆಗೆ ಊರು, ವರ್ಷ, ರೋಗಿಯ ಮನೆಯವರ ವಿವರಗಳನ್ನೂ ಬದಲಿಸಿದ್ದೇನೆ. ಕೆಳಗೆ ಬರುವ ಹಾಲ್ ಟಿಕೆಟ್ ನಿಜದಲ್ಲಿ ಬೇರೆಯೇ ಒಂದು ವಸ್ತು. ಬರೆದದ್ದನ್ನು ಸುಜಾತಾಗೆ ಓದಿಸಿ, ಅವರು ಬೇಡವೆಂದ ಎರಡು ಸಾಲು ತೆಗೆದ ಮೇಲಷ್ಟೇ ಇದನ್ನು ಇಲ್ಲಿ ಕೊಡುತ್ತಿದ್ದೇನೆ.

ನಾನು ಆಪ್ತಸಲಹೆಗಾರ್ತಿ. ನನ್ನ ಕೋಣೆಯೊಳಗೆ ಬಂದು ಕೂತವರ ಮೊದಲ ಮಾತು, "ಬರಿಯೂದು ಬಿಟ್ಟಬಿಡ್ಲೇನ್ರಿ ಮೇಡಂ?"

ಪಿಯುಸಿಯಿಂದಲೂ ಕತೆ ಬರೆಯುತ್ತಿದ್ದವರು. ಮೆಡಿಸಿನ್ ಪೋಸ್ಟಿಂಗ್‌ನಲ್ಲಿದ್ದಾಗ ಕೀಟನಾಶಕ ಕುಡಿದ ರೈತರೊಬ್ಬರು ದಾಖಲಾದರು. ಮೊದಲ ರಾತ್ರಿ ಪಿಜಿ (ಸ್ನಾತಕೋತ್ತರ ಓದುತ್ತಿರುವ ಹಿರಿಯ ವೈದ್ಯರು) ಹೇಳಿದಂತೆ, ಈ ವಿಷಕ್ಕೆ ಮದ್ದಾದ ಆಟ್ರೋಪಿನ್ ಕೊಡುತ್ತ ಕೂತವರು ಸುಜಾತಾ. ಎದೆಯ ಗೊರಗೊರ ಇಳಿದು ನಾಡಿ ಏರುವವರೆಗೆ ಐದೈದು ನಿಮಿಷಕ್ಕೆ ಡೋಸ್ ದುಪ್ಪಟ್ಟಾಗುತ್ತ ಹೋಗುತ್ತದೆ. ಒಂದು ಆಂಪ್ಯೂಲ್‌ನಲ್ಲಿರುವುದು 0.6 ಮಿಲಿಗ್ರಾಂ, 6 ಮಿಲಿಗ್ರಾಂ ಬೇಕೆಂದರೆ ಹತ್ತು ಆಂಪ್ಯೂಲ್‌ಗಳ ಕತ್ತು ಮುರಿಯಬೇಕು. ಬೆಳಗಾಗುವಷ್ಟರಲ್ಲಿ ಹೆಬ್ಬೆರಳ ತುದಿಯ ತುಂಬ ಗಾಜಿನ ಗೀರು. ನನ್ನೆದುರು ಕೂತಾಗ ಆ ಗೀರುಗಳು ಮಾಯ್ದು ತಿಂಗಳಾಗಿತ್ತು, ಆದರೂ ಮಾತಿನ ನಡುವೆ ಅದೇ ಹೆಬ್ಬೆರಳನ್ನು ಉಜ್ಜಿಕೊಳ್ಳುತ್ತಿದ್ದರು.

ಎರಡನೇ ದಿನ ರೋಗಿ ಎದ್ದು ಕೂತು ಚಹಾ ಕುಡಿದರು. ಈ ಬಗೆಯ ವಿಷದಲ್ಲಿ ಮೋಸ ಮಾಡುವುದು ಇದೇ ಹಂತ. ಒಂದರಿಂದ ನಾಲ್ಕನೇ ದಿನದೊಳಗೆ ಉಸಿರಾಟದ ಸ್ನಾಯುಗಳು ಸೋಲುವುದುಂಟು. ಅದರ ಮೊದಲ ಸುಳಿವು, ದಿಂಬಿನಿಂದ ತಲೆ ಎತ್ತಲಾಗದಿರುವುದು. ಅದಕ್ಕೇ ಪಿಜಿ "ಗಂಟೆಗೊಮ್ಮೆ ಕುತ್ತಿಗೆ ಎತ್ತಿಸಿ ನೋಡ್ತಿರು" ಎಂದಿದ್ದರು. ಮೂರನೇ ಸಂಜೆ ಕ್ಯಾಶುವಾಲ್ಟಿಯಿಂದ ಒಟ್ಟಿಗೆ ನಾಲ್ಕು ಕೇಸ್ ಬಂದವು. ಎಂಟರಿಂದ ಹತ್ತರವರೆಗೆ ಸುಜಾತಾಗೆ ಆ ಹಾಸಿಗೆಯ ಕಡೆ ಹೋಗಲಾಗಲಿಲ್ಲ. ಹತ್ತೂಕಾಲಿಗೆ ರೋಗಿಯನ್ನು ವೆಂಟಿಲೇಟರ್‌ಗೆ ಹಾಕಿದರು. ಎರಡು ದಿನದ ಮೇಲೆ ತೀರಿಕೊಂಡರು.

ಅದಾಗಿ ಐದನೇ ದಿನಕ್ಕೆ ಸುಜಾತಾ ಕತೆ ಬರೆದು ಫೇಸ್‌ಬುಕ್‌ನಲ್ಲಿ ಹಾಕಿದರು. ಹೆಸರು ಬದಲಿಸಿದ್ದರು. ಆದರೆ ಬೆಳೆ ಅದೇ, ತಾಲ್ಲೂಕು ಅದೇ. ಅಂಗಿಯ ಜೇಬಿನಲ್ಲಿ ಸಿಕ್ಕ ಮಗಳ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಕತೆಯಲ್ಲೂ ಜೇಬಿನಲ್ಲೇ ಇತ್ತು. ಹಿಂದಿನ ದಿನ ಮನೆಯಲ್ಲಿ ಜಗಳವಾಗಿತ್ತೆಂದು ಹೆಂಡತಿ ಕೇಸ್ ಹಿಸ್ಟರಿ ಕೊಡುವಾಗ ಹೇಳಿದ್ದ ಮಾತೂ ಇತ್ತು. ಎರಡೇ ದಿನದಲ್ಲಿ ಕತೆ ಆ ಊರಿನ ವಾಟ್ಸಾಪ್ ಗುಂಪು ಮುಟ್ಟಿತು. ತೀರಿಕೊಂಡವರ ಅಣ್ಣ ವಾರ್ಡಿಗೆ ಫೋನ್ ಮಾಡಿದರು. ರೈತ ಆತ್ಮಹತ್ಯೆಗೆ ಸಿಗುವ ಪರಿಹಾರ, ಸಾವಿಗೆ ಸಾಲವೇ ಕಾರಣವೆಂದು ಅಧಿಕಾರಿಗಳಿಗೆ ಖಚಿತವಾಗುವುದರ ಮೇಲೆ ನಿಂತಿರುತ್ತದೆ. ಅರ್ಜಿ ಇನ್ನೂ ವಿಚಾರಣೆಯಲ್ಲಿತ್ತು. ಜಗಳದ ಆ ಒಂದು ಸಾಲು ಒಂದು ಕುಟುಂಬದ ಅನ್ನಕ್ಕೆ ಕಲ್ಲು ಹಾಕಬಹುದಿತ್ತು. ಇದು ಸುಜಾತಾಗೆ ಹೊಳೆದೇ ಇರಲಿಲ್ಲ.

ಯೂನಿಟ್ ಮುಖ್ಯಸ್ಥರು ಪೋಸ್ಟ್ ತೆಗೆಸಿದರು, ಬೈದರು, "ಡಾಕ್ಟರಾದವರಿಗೆ ಕತೆ ಯಾಕೆ?" ಎಂದರು. ಆಮೇಲಿನ ಮೂರು ವಾರ ನಿದ್ದೆ ರಾತ್ರಿಗೆ ಮೂರು ಗಂಟೆ ಅಷ್ಟೇ.

ಮೊದಲ ಭೇಟಿಯಲ್ಲಿ ಬರವಣಿಗೆಯ ಮಾತನ್ನು ಬದಿಗಿಟ್ಟೆ. ವೈದ್ಯರ ಕೈಗೆ ಔಷಧಿ ಎಟಕುತ್ತದೆ, ಪ್ರಮಾಣವೂ ಗೊತ್ತಿರುತ್ತದೆ. ಆದ್ದರಿಂದ ಸಾಯುವ ಯೋಚನೆ ಬರುತ್ತಿದೆಯೇ ಎಂದು ಅವರನ್ನು ಸುತ್ತುಬಳಸದೆ, ಬೇಗನೆ ಕೇಳಬೇಕು. "ಸತ್ರ ಚೊಲೋ ಅನಸ್ತೈತ್ರಿ, ಆದ್ರ ಏನೂ ಮಾಡ್ಕೊಳ್ಳಂಗಿಲ್ಲ" ಎಂದರು. ಆ ಉತ್ತರವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅದೇ ವಾರ ಮನೋವೈದ್ಯರ ಭೇಟಿ ಗೊತ್ತುಮಾಡಿದೆವು. ಸಹಪಾಠಿಗಳ ಕಣ್ಣಿಗೆ ಬೀಳುವ ಅಂಜಿಕೆಯಿದ್ದುದರಿಂದ ಬೇರೆ ಆಸ್ಪತ್ರೆಯಲ್ಲಿ. ರೂಮಿನ ಗೆಳತಿಗೆ ಸುಜಾತಾ ಅವರೇ ವಿಷಯ ತಿಳಿಸಿದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಫೋನಿನಲ್ಲಿ ಸೇರಿತು. ಎರಡು ವಾರದ ರಾತ್ರಿ ಡ್ಯೂಟಿಯನ್ನು ಗೆಳತಿಯೊಬ್ಬರು ಬದಲಿಗೆ ತೆಗೆದುಕೊಂಡರು. ನಿದ್ದೆಗೆಟ್ಟವರ ಕೈಗೆ ಪೆನ್ನು ಕೊಟ್ಟು "ಬರೆದು ಹಗುರಾಗಿ" ಎನ್ನುವುದು ಸಲಹೆಯಲ್ಲ.

ಎರಡನೇ ಭೇಟಿಗೆ ಕತೆಯ ಪ್ರಿಂಟ್ ತರಲು ಹೇಳಿದ್ದೆ. ಇಬ್ಬರೂ ಕೂತು ಓದಿದೆವು. ಕತೆಯ ವೈದ್ಯೆ ಪ್ರತಿ ಗಂಟೆಗೂ ಹಾಸಿಗೆಯ ಬಳಿ ಬಂದು ರೋಗಿಯ ತಲೆ ಎತ್ತಿಸಿ ನೋಡುತ್ತಾಳೆ. ನಡೆದದ್ದು ಎಲ್ಲಿದೆಯೋ ಅಲ್ಲಿ ಪೆನ್ಸಿಲಿನಿಂದ ಗೀಟು ಎಳೆಯಿರಿ ಎಂದೆ. ರೋಗಿಯ ಬಗ್ಗೆ ಇದ್ದ ಹೆಚ್ಚುಕಡಿಮೆ ಎಲ್ಲ ಸಾಲಿಗೂ ಗೀಟು ಬಿತ್ತು. ಕುತ್ತಿಗೆಯ ಸಾಲಿಗೆ ಬಂದಾಗ ಕೈ ನಿಂತಿತು. "ಅದೊಂದ ಸುಳ್ಳ್ರಿ."

ಪ್ರಕರಣದ ಗಂಟು ಇದ್ದದ್ದು ಅಲ್ಲೇ. ಮರೆಮಾಡಬೇಕಾದ ರೋಗಿ ಬಯಲಲ್ಲಿ ನಿಂತಿದ್ದರು, ತನ್ನನ್ನು ತಾನು ನೋಡಿಕೊಳ್ಳಬೇಕಾಗಿದ್ದ ವೈದ್ಯೆ ಮರೆಯಲ್ಲಿದ್ದರು. ವೈದ್ಯ ವಿದ್ಯಾರ್ಥಿಗಳ ಕತೆಗಳಲ್ಲಿ ಈ ಅದಲುಬದಲು ಮತ್ತೆ ಮತ್ತೆ ಕಾಣುತ್ತದೆ. ನೋವು ನಮ್ಮದಾಗಿರುತ್ತದೆ, ಹೊರುವುದು ರೋಗಿಯ ಹೆಗಲು.

ಆ ಎರಡು ಗಂಟೆಯಿಂದಲೇ ಸಾವು ಬಂತೇ ಎಂಬ ಪ್ರಶ್ನೆಗೆ ಆಪ್ತಸಲಹೆಗಾರರು ಉತ್ತರ ಕೊಡಬಾರದು, ಸಮಾಧಾನಕ್ಕಾಗಿಯೂ ಕೊಡಬಾರದು. ಯೂನಿಟ್‌ನ ಅಸಿಸ್ಟೆಂಟ್ ಪ್ರೊಫೆಸರ್ ಒಬ್ಬರ ಜೊತೆ ಕೂತು ಕೇಸ್‌ಶೀಟ್ ನೋಡುವಂತೆ ಹೇಳಿದೆ. ತಪಾಸಣೆ ತಪ್ಪಿದ್ದು ನಿಜ, ತಪ್ಪದಿದ್ದರೆ ಬದುಕುತ್ತಿದ್ದರೇ ಎಂದು ಯಾರೂ ಹೇಳಲಾರರು, ಅಷ್ಟು ಹಾಸಿಗೆಗೆ ಒಬ್ಬರೇ ಹೌಸ್ ಸರ್ಜನ್ ಇದ್ದದ್ದು ವ್ಯವಸ್ಥೆಯ ಕೊರತೆ ಎಂದು ಅವರು ಮೂರನ್ನೂ ನೇರವಾಗಿ ಹೇಳಿದರು. ಈಗ ಆ ವಾರ್ಡಿನಲ್ಲಿ ಇಂಥ ರೋಗಿಗಳ ಹಾಸಿಗೆಗೆ ಕುತ್ತಿಗೆ ತಪಾಸಣೆಯ ಚಾರ್ಟ್ ತೂಗುತ್ತದೆ, ನರ್ಸ್ ಕೂಡ ಸಹಿ ಹಾಕುತ್ತಾರೆ.

ಬರೆಯುವುದನ್ನು ಬಿಡಬೇಡಿ, ಮೂರು ಕಡೆ ಹಂಚಿ ಎಂದೆ.

ಮೊದಲನೆಯದು ಯಾರಿಗೂ ತೋರಿಸದ ಬರಹ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಪೆನ್ನೆಬೇಕರ್ ಮತ್ತು ಬೀಲ್ ಪ್ರಕಟಿಸಿದ ಪ್ರಯೋಗದ ಕ್ರಮ ಇದಕ್ಕೆ ಆಧಾರ: ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ, ಮನಸ್ಸನ್ನು ಕಲಕಿದ ಘಟನೆಯ ಬಗ್ಗೆ ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆಯುವುದು. ಕಾಗುಣಿತ ನೋಡಬೇಡಿ. ಮುಗಿದ ಮೇಲೆ ಅರ್ಧ ಗಂಟೆ ಬಿಡುವಿರಲಿ. ಮಲಗುವ ಹೊತ್ತಿಗೆ ಬೇಡ, ಡ್ಯೂಟಿಗೆ ಹೊರಡುವ ಮುಂಚೆಯೂ ಬೇಡ. ಬರೆದ ದಿನ ಮನಸ್ಸು ಇನ್ನಷ್ಟು ಕುಗ್ಗುವುದು ಆ ಪ್ರಯೋಗದಲ್ಲೂ ಕಂಡಿತ್ತು; ಹೆದರಬೇಕಿಲ್ಲ. ಆದರೆ ಘಟನೆ ಕಣ್ಣಮುಂದೆ ಮತ್ತೆ ನಡೆದಂತಾದರೆ, ಇದ್ದ ನಿದ್ದೆಯೂ ಹೋದರೆ, ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಬೇಕು. ಘಟನೆ ನಡೆದ ಮೊದಲ ವಾರಗಳಲ್ಲಿ ಇದನ್ನು ಮಾಡಿಸದಿರುವುದು ಲೇಸು. ಸುಜಾತಾಗೆ ಮನೋವೈದ್ಯರು ಒಪ್ಪಿದ ಮೇಲೆ, ಆರನೇ ವಾರದಲ್ಲಿ ಶುರುಮಾಡಿಸಿದೆ. ಕಾಗದದ ಮೇಲೆಯೇ ಬರೆಯಿರಿ ಎಂದೆ, ಫೋನಿನಲ್ಲಿ ಬರೆದರೆ ಶೇರ್ ಬಟನ್ ಬೆರಳ ಪಕ್ಕದಲ್ಲೇ ಇರುತ್ತದೆ. ರೋಗಿಯ ಹೆಸರು, ಆಸ್ಪತ್ರೆಯ ದಾಖಲಾತಿ ಸಂಖ್ಯೆ (ಐಪಿ ನಂಬರ್) ಅಲ್ಲೂ ಬೇಡ. ಮೊದಲ ಸಾಲನ್ನು ಮಾತ್ರ ನಾನು ಕೊಟ್ಟೆ: "ಎಂಟರಿಂದ ಹತ್ತರವರೆಗೆ ನಾನು..." ಮೊದಲ ದಿನ ಆದದ್ದು ನಾಲ್ಕು ಸಾಲು. ಮೂರನೇ ದಿನ ಆರು ಪುಟ.

ಎರಡನೆಯದು ಇಬ್ಬರು ಮೂವರು ಸಹೋದ್ಯೋಗಿಗಳಿಗೆ ಓದುವ ಬರಹ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯೆ ರೀಟಾ ಶರೋನ್ ತಮ್ಮ ವಿದ್ಯಾರ್ಥಿಗಳಿಂದ ಇಂಥದ್ದನ್ನು ಬರೆಸುತ್ತಿದ್ದರು. ಕೇಸ್‌ಶೀಟ್‌ನಲ್ಲಿ ಬರೆಯುವಂತಿಲ್ಲ, ಆದರೆ ಎಲ್ಲಾದರೂ ಬರೆಯಲೇಬೇಕು ಅನ್ನಿಸುವುದನ್ನು ಸಾದಾ ಮಾತಿನಲ್ಲಿ ಒಂದು ಪುಟ ಬರೆದು, ಗುಂಪಿನಲ್ಲಿ ಗಟ್ಟಿಯಾಗಿ ಓದುವುದು. ಕೇಳುವವರು "ನಿನ್ನ ತಪ್ಪಿಲ್ಲ ಬಿಡು" ಎನ್ನಬಾರದು. ಅಲ್ಲಿಗೆ ಬರೆದವರ ಬಾಯಿ ಕಟ್ಟಿಹೋಗುತ್ತದೆ. ಯಾವ ಮಾತು ಮನಸ್ಸಿನಲ್ಲಿ ನಿಂತಿತು ಎಂದಷ್ಟೇ ಹೇಳಲಿ. ನಮ್ಮಲ್ಲೂ 2019ರಿಂದ ಎಂಬಿಬಿಎಸ್ ಲಾಗ್‌ಬುಕ್‌ನಲ್ಲಿ ಅನುಭವದ ಅವಲೋಕನ ಬರೆಯಬೇಕು. ಸೀನಿಯರ್‌ಗಳದ್ದನ್ನು ನೋಡಿ ಕಾಪಿ ಮಾಡುತ್ತಿದ್ದೆವು ಎಂದರು ಸುಜಾತಾ. ಸಹಿಗಾಗಿ ಬರೆಸಿದರೆ ಹಾಗೇ ಆಗುತ್ತದೆ, ಮತ್ತು ಒಂದು ಒಳ್ಳೆಯ ಅವಕಾಶ ಹಾಳಾಗುತ್ತದೆ.

ಮೂರನೆಯದು ಊರಿಗೆಲ್ಲ ಕೊಡುವ ಕತೆ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯ ಪ್ರಕಾರ, ಗುರುತು ಸಿಗುವಂತೆ ರೋಗಿಯ ಫೋಟೋ ಅಥವಾ ಕೇಸ್ ವಿವರವನ್ನು ಅನುಮತಿ ಇಲ್ಲದೆ ಪ್ರಕಟಿಸುವಂತಿಲ್ಲ. ಗುರುತು ಯಾರಿಗೆ ಸಿಗಬಾರದು ಎಂಬಲ್ಲಿ ಬರೆಯುವವರು ಎಡವುತ್ತಾರೆ. ಅಪರಿಚಿತ ಓದುಗರನ್ನು ನೆನೆದು ಬರೆದರೆ ಸಾಲದು. ರೋಗಿಯ ಹೆಂಡತಿ ಓದಿದರೆ "ಇದು ನಮ್ಮದೇ" ಎನ್ನುವರೇ, ಅದೇ ಪರೀಕ್ಷೆ. ಹೆಸರು ಬದಲಿಸುವುದು ಎಲ್ಲಕ್ಕಿಂತ ಸಣ್ಣ ಕೆಲಸ. ಹೊಲ, ಸಾಲ, ಎರಡು ಮಕ್ಕಳು ಸಾವಿರ ಮನೆಗಳಲ್ಲಿವೆ. ಜೇಬಿನ ಹಾಲ್ ಟಿಕೆಟ್ ಒಂದೇ ಮನೆಯದು. ಬರೆಯುವವರಿಗೆ ಬಿಡಲು ಮನಸ್ಸಾಗದ ವಿವರವೇ ಸಾಮಾನ್ಯವಾಗಿ ಮೊದಲು ಹೋಗಬೇಕಾದದ್ದು. ಕಾಯಿಲೆ, ಜಿಲ್ಲೆ, ಋತು, ವಯಸ್ಸು, ಗಂಡು ಹೆಣ್ಣು, ಎಲ್ಲವನ್ನೂ ಕದಲಿಸಿ ನೋಡಿ. ಆಗ ಕತೆ ಕುಸಿದರೆ, ಅದು ಇನ್ನೂ ನಿಮ್ಮ ಕತೆಯಾಗಿಲ್ಲ ಎಂದು ತಿಳಿಯಿರಿ.

ಮೆಡಿಕೊ ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಆದರೆ ತನಿಖೆ ಮುಗಿಯುವವರೆಗೆ ಏನನ್ನೂ ಪ್ರಕಟಿಸಬೇಡಿ. ಆತ್ಮಹತ್ಯೆಯ ಕತೆಯಲ್ಲಿ ವಿಧಾನ, ಪ್ರಮಾಣ, ಔಷಧಿಯ ಹೆಸರು ಬೇಡ. ಪತ್ರಿಕೆಗಳಿಗೆ ಪ್ರೆಸ್ ಕೌನ್ಸಿಲ್ 2019ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿ ಕತೆಗಾರರಿಗೂ ಸಲ್ಲುತ್ತದೆ. ಒಪ್ಪಿಗೆ ಬೇಕಿದ್ದರೆ ಹಾಸಿಗೆಯಲ್ಲಿರುವವರನ್ನು ಕೇಳಬಾರದು. ಸಿರಿಂಜ್ ಹಿಡಿದು ನಿಂತವರಿಗೆ ಯಾರು ಇಲ್ಲ ಎಂದಾರು? ಡಿಸ್ಚಾರ್ಜ್ ಆದ ಮೇಲೆ, ಚಿಕಿತ್ಸೆ ಕೊಡದ ಇನ್ನೊಬ್ಬರ ಮೂಲಕ, ಪೂರ್ತಿ ಬರಹ ಓದಿಸಿ ಕೇಳಬೇಕು.

ಕ್ಷಮೆ ಕೇಳಲು ಸುಜಾತಾ ಆ ಮನೆಗೆ ತಾವೇ ಫೋನ್ ಮಾಡಲು ಹೊರಟಿದ್ದರು. ತಡೆದೆ. ಆ ನಂಬರ್ ಇದ್ದದ್ದು ಕೇಸ್‌ಶೀಟ್‌ನಲ್ಲಿ. ಅದನ್ನು ಸ್ವಂತಕ್ಕೆ ಬಳಸುವುದು ಇನ್ನೊಂದು ಗೋಪ್ಯತೆಯ ಭಂಗ. ಯೂನಿಟ್ ಮುಖ್ಯಸ್ಥರ ಮೂಲಕ, ಅವರ ಎದುರಿನಲ್ಲೇ ಮಾತಾಡಿದರು. "ನಿಮ್ಮ ಮನೆಯ ಮಾತನ್ನು ಹೊರಗೆ ಹಾಕಿದ್ದು ನನ್ನ ತಪ್ಪು. ತೆಗೆದಿದ್ದೇನೆ, ಇನ್ನೆಂದೂ ಹಾಕುವುದಿಲ್ಲ." ಇದರ ಮುಂದೆ "ಆದರೆ" ಸೇರಬಾರದೆಂದು ಎರಡು ಸಲ ಅಭ್ಯಾಸ ಮಾಡಿಸಿದ್ದೆ. ಅಣ್ಣ ಕ್ಷಮಿಸಿದೆ ಎನ್ನಲಿಲ್ಲ. ಅದನ್ನು ನಿರೀಕ್ಷಿಸಬೇಡಿ ಎಂದೂ ಮೊದಲೇ ಹೇಳಿಟ್ಟಿದ್ದೆ.

"ಡಾಕ್ಟರಾದವರಿಗೆ ಕತೆ ಯಾಕೆ?" ಎಂಬ ಮಾತು ಸುಜಾತಾರನ್ನು ಬಹಳ ದಿನ ಚುಚ್ಚಿತು. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಹೊರತಂದ ರಾಶಿ ವೈದ್ಯರು, ಕಾದಂಬರಿಗಾರ್ತಿ ಅನುಪಮಾ ನಿರಂಜನ ವೈದ್ಯೆ. ಕನ್ನಡದಲ್ಲಿ ಸ್ಟೆತೊಸ್ಕೋಪಿಗೂ ಪೆನ್ನಿಗೂ ಹಳೆಯ ಒಡನಾಟವಿದೆ ಎಂದು ನೆನಪಿಸಿದೆ.

ಐದನೇ ಭೇಟಿಯ ಹೊತ್ತಿಗೆ ನಿದ್ದೆ ಆರು ಗಂಟೆಗೆ ಬಂದಿತ್ತು. ಮನೋವೈದ್ಯರ ಬಳಿ ಹೋಗುವುದು ಮುಂದುವರಿದಿದೆ. ಹೊಸ ಕರಡು ತಂದಿದ್ದರು, ಅದರಲ್ಲಿ ವೈದ್ಯೆ ಆ ಎರಡು ಗಂಟೆ ಎಲ್ಲೆಲ್ಲಿದ್ದಳು ಎಂಬುದಿದೆ. ಎಲ್ಲಿಗೆ ಕಳಿಸಲಿ ಎಂದು ಕೇಳಿದರು. ಇಂಟರ್ನ್‌ಶಿಪ್ ಮುಗಿದು, ಆ ಕೇಸಿನ ಫೈಲ್ ಮುಚ್ಚುವವರೆಗೆ ಎಲ್ಲಿಗೂ ಬೇಡ ಎಂದೆ. ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡರು. ಮಧ್ಯಾಹ್ನದ ಡ್ಯೂಟಿಗೆ ಹೊತ್ತಾಗಿತ್ತು.